ಹೇಳಿ ಮಾಡಿಸಿದ ಕೋಲು

ಅಮೆರಿಕೆಯ ಓಹಾಯೋ ಪ್ರಾಂತದಲ್ಲಿ ಬಹುಕಾಲದಿಂದ ನೆಲಸಿರುವ ವಾಚಕ ಸೋದರಿಯೊಬ್ಬರು ನಮಗೆ ದೀರ್ಘವಾದೊಂದು ಪತ್ರವನ್ನು ಬರೆದಿರುವರು. ಅವರ ಮಗನಿಗೆ ಇಪ್ಪತ್ತು ವರ್ಷ, ಕಾಲೇಜಿನಲ್ಲಿ ಓದುತ್ತಿರುವನು, ಪೂಲ್ ಎಂಬ ಮೇಜಿನ ಚೆಂಡಾಟದಲ್ಲಿ ಅವನಿಗೆ ಅತ್ಯಾಸಕ್ತಿ. ಎರಡು ಬೇಸಗೆಯ ರಜೆಗಳಲ್ಲಿ ಉಗ್ರಾಣವೊಂದರಲ್ಲಿ ಪೆಟ್ಟಿಗೆಗಳನ್ನು ಹೊತ್ತು ಅವನು 1,800 ಡಾಲರುಗಳನ್ನು ಕೂಡಿಹಾಕಿರುವನಂತೆ. ಅದಷ್ಟನ್ನೂ ಕೊಟ್ಟು, ಕೋಲು ಮಾಡುವ ಕುಶಲಕರ್ಮಿಯೊಬ್ಬನಿಂದ ತನಗೆಂದೇ ಒಂದು ಆಟದ ಕೋಲನ್ನು ಮಾಡಿಸಿಕೊಳ್ಳಬೇಕೆಂಬುದು ಅವನ ಹಟ. ತಂದೆಯವರು, “ಕೋಲೆಂದರೆ ಕೋಲು. ಅಂಗಡಿಯಲ್ಲಿ ನೂರು ಡಾಲರಿಗೆ ಸಿಕ್ಕುವುದನ್ನು ಕೊಂಡುಕೊ; ಇಲ್ಲವಾದರೆ ಆಟವನ್ನೇ ಬಿಡು” ಎಂದರಂತೆ. ಅಂದಿನಿಂದ ಮೂರು ವಾರಗಳಾದುವು. ತಂದೆಗೂ ಮಗನಿಗೂ ಮಾತಿಲ್ಲ. “ಊಟಕ್ಕೆ ಕುಳಿತಾಗ ಉಪ್ಪು ಬೇಕಾದರೂ ಇಬ್ಬರೂ ನನ್ನ ಮೂಲಕವೇ ಕೇಳುತ್ತಾರೆ” ಎಂದು ಆ ತಾಯಿ ಬರೆದಿರುವರು. ಕಾರ್ಖಾನೆಯ ಕೋಲೋ, ಹೇಳಿ ಮಾಡಿಸಿದ ಕೋಲೋ, ಇವೆರಡರಲ್ಲಿ ಯಾವುದು ಯುಕ್ತವೆಂಬುದನ್ನು ಈ ಪುಟದಲ್ಲಿ ನಾವು ತೀರ್ಮಾನಿಸಿ ಹೇಳಬೇಕಂತೆ.

ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಹುಡುಗರಿಂದ ಬಾಯಿಪಾಠ ಮಾಡಿಸುತ್ತ ಮೂವತ್ತು ವರ್ಷಗಳನ್ನು ಕಳೆದ ಉಪಾಧ್ಯಾಯರಿಗೂ ಪೂಲ್ ಆಟದ ಕೋಲಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಕಳೆದ ವರ್ಷ ನಾವು ನಾಲ್ಕು ತಿಂಗಳ ಕಾಲ ಆ ದೇಶದಲ್ಲಿ ನಮ್ಮ ಮಗಳ ಮನೆಯಲ್ಲಿ ಇದ್ದೆವು. ನಮ್ಮ ಅಳಿಯನಿಗೆ ಈ ಆಟದ ಹುಚ್ಚು ಸ್ವಲ್ಪ ಉಂಟು. ಅವನೊಡನೆ ಆಟದ ಮಂದಿರಕ್ಕೆ ಹಲವು ಸಂಜೆ ಹೋಗಿ ಕುಳಿತಿದ್ದೆವು. ಪಕ್ಕದ ಊರಿನಲ್ಲಿ ಕೋಲು ಮಾಡುವ ವೃದ್ಧರೊಬ್ಬರ ಕಾರ್ಯಶಾಲೆಗೆ ಮೂರು ಸಲ ಹೋಗಿ, ಅವರಿಗೆ ಬೇಸರವಾಗುವಷ್ಟು ಪ್ರಶ್ನೆಗಳನ್ನು ಕೇಳಿದ್ದೆವು. ಅಲ್ಲಿ ಕಂಡುದನ್ನೂ, ಆಮೇಲೆ ಓದಿ ತಿಳಿದುದನ್ನೂ ಆಧಾರವಾಗಿಟ್ಟುಕೊಂಡು ಯಥಾಮತಿ ಬರೆಯುವೆವು.

ಮೊದಲು ಆಟದ ವಿಷಯ. ಬನಾತು ಹೊದಿಸಿದ, ಆರು ಕುಳಿಗಳುಳ್ಳ ಮೇಜು. ಅದರ ಮೇಲೆ ಬಣ್ಣದ ಚೆಂಡುಗಳು, ಬಿಳಿಯದೊಂದು. ಕೋಲಿನಿಂದ ಬಿಳಿಯ ಚೆಂಡನ್ನು ಮಾತ್ರ ಹೊಡೆಯತಕ್ಕದ್ದು. ಅದು ಹೋಗಿ ಬಣ್ಣದ ಚೆಂಡನ್ನು ಕುಳಿಗೆ ತಳ್ಳತಕ್ಕದ್ದು. ಕೇರಂ ಆಡಿದವರಿಗೆ ಇಷ್ಟು ಹೇಳಿದರೆ ಸಾಕು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರ ಕೀರ್ತಿಯಿಂದ ನಮ್ಮವರಿಗೆ ಪರಿಚಿತವಾದ ಬಿಲಿಯರ್ಡ್ಸ್, ಸ್ನೂಕರ್‌ಗಳೂ ಇದೇ ಕುಲದವು. ಸ್ನೂಕರ್ ಅಂತೂ 1875ರಲ್ಲಿ ಜಬ್ಬಲಪುರದ ಸೈನ್ಯಾಧಿಕಾರಿಗಳ ನಡುವೆ ಹುಟ್ಟಿ, ನಮ್ಮ ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ ಬೆಳೆದ ಆಟ. ಆದರೆ ಆ ಆಟಗಳ ಕೋಲು ಬೇರೆ. ಅದರ ಮುಂಭಾಗ ಸಾಮಾನ್ಯವಾಗಿ ಆಷ್ ಮರದ್ದು, ತುದಿ 9 ಅಥವಾ 10 ಮಿಲಿಮೀಟರಿನಷ್ಟು ಸಣ್ಣದು. ಪೂಲ್ ಆಟದ ಕೋಲಿನ ಮುಂಭಾಗ ಮೇಪಲ್ ಮರದ್ದು. ತುದಿ 12ರಿಂದ 13 ಮಿಲಿಮೀಟರು. ಉದ್ದ ಸುಮಾರು 58 ಅಂಗುಲ. ತೂಕ 18ರಿಂದ 21 ಔನ್ಸು, ಎಂದರೆ ಹೆಚ್ಚು ಕಡಿಮೆ ಅರ್ಧ ಕಿಲೋ.

ಈ ಕೋಲಿಗೆ ಎರಡು ತುಂಡುಗಳು. ಹಿಡಿಯುವ ಕಡೆಯದನ್ನು ಹಿಂಗೋಲೆಂದೂ, ಚೆಂಡಿನ ಕಡೆಯದನ್ನು ಮುಂಗೋಲೆಂದೂ ಕರೆಯೋಣ. ಎರಡನ್ನೂ ತಿರುಪಿನಿಂದ ಕೂಡಿಸುವರು. ಮುಂಗೋಲಿನ ತುದಿಗೆ ಫೆರುಲ್ ಎಂಬ ಪುಟ್ಟದೊಂದು ಬಳೆ; ಅದರ ನೆತ್ತಿಗೆ ಚರ್ಮದ ಬಿಲ್ಲೆ. ಚೆಂಡನ್ನು ಮುಟ್ಟುವುದು ಈ ಬಿಲ್ಲೆಯೊಂದೇ. ಅದು ಜಾರದಿರಲೆಂದು ಚಾಕ್ ಉಜ್ಜುವರು. ಜನ್ಮವೆಲ್ಲ ಸೀಮೆಸುಣ್ಣದ ಧೂಳನ್ನು ಕುಡಿದ ನಾವು ಅದನ್ನು ಕೈಗೆ ತೆಗೆದುಕೊಂಡು ನೋಡಿದೆವು. ಹೆಸರು ಚಾಕ್ ಆದರೂ ಅದರಲ್ಲಿ ಸುಣ್ಣವಿಲ್ಲವಂತೆ. ಸ್ಫಟಿಕಶಿಲೆಯ ಪುಡಿಗೆ ಕುರುಂದದ ಜಾತಿಯ ಗಟ್ಟಿಪುಡಿಯನ್ನು ಸೇರಿಸಿ ಮಾಡುವ ಆ ವಸ್ತುವಿಗೆ ಸ್ಪಿಂಕ್ಸ್ ಎಂಬ ಆಟಗಾರನೂ ಹಾಸ್ಕಿನ್ಸ್ ಎಂಬ ರಸಾಯನಜ್ಞನೂ ಕೂಡಿ 1897ರಲ್ಲಿ ಹಕ್ಕುಪತ್ರ ಪಡೆದಿದ್ದರು.

ಇನ್ನು ಪ್ರಕೃತಕ್ಕೆ ಬರೋಣ. ತರ್ಕಶಾಸ್ತ್ರದ ಮೊದಲ ಮೆಟ್ಟಿಲನ್ನು ಹತ್ತಿದವರಿಗೆಲ್ಲ ಕುಂಬಾರನ ಗಡಿಗೆಯ ಉದಾಹರಣೆ ಗೊತ್ತಿರುವುದು. ಗಡಿಗೆಗೆ ಮಣ್ಣು ಕಾರಣ, ತಿಗುರಿ ಕಾರಣ, ತಿಗುರಿಯನ್ನು ತಿರುಗಿಸುವ ದಂಡವೂ ಕಾರಣ. ಹಾಗಾದರೆ ದಂಡದ ಬಣ್ಣ? ಗಡಿಗೆ ಹುಟ್ಟುವುದಕ್ಕೆ ಮುಂಚೆ ದಂಡವಿದ್ದಾಗಲೆಲ್ಲ ಅದರ ಬಣ್ಣವೂ ಅಲ್ಲಿ ಇದ್ದೇ ಇದ್ದಿತಷ್ಟೆ! ಆದರೂ ಬಣ್ಣವು ಗಡಿಗೆಗೆ ಕಾರಣವಲ್ಲ. ಕೆಂಪು ಕೋಲಿನಿಂದ ತಿರುಗಿಸಿದರೂ ಕಪ್ಪು ಕೋಲಿನಿಂದ ತಿರುಗಿಸಿದರೂ ಗಡಿಗೆ ಒಂದೇ. ಹೀಗೆ ಕಾರ್ಯಕ್ಕೆ ಮುಂಚೆ ಸ್ಥಳದಲ್ಲಿ ಹಾಜರಿದ್ದೂ ಕಾರ್ಯವನ್ನು ಮಾಡದೆ ಇರುವುದನ್ನು ನೈಯಾಯಿಕರು ಅನ್ಯಥಾಸಿದ್ಧವೆಂದು ಕರೆದರು. ಮಣ್ಣು ಹೊತ್ತು ತಂದ ಕತ್ತೆಯೂ ಅವರ ಪಟ್ಟಿಯಲ್ಲಿದೆ. ಕುಂಬಾರನ ತಂದೆಯೂ ಇದ್ದಾನೆ. (ಈ ಕೊನೆಯ ಉದಾಹರಣೆಯನ್ನು ಪತ್ರ ಬರೆದ ಸೋದರಿಯವರು ಯಜಮಾನರ ಎದುರಿಗೆ ಗಟ್ಟಿಯಾಗಿ ಓದದಿರುವುದು ಕ್ಷೇಮ.) ಆಟದ ಕೋಲನ್ನು ಕೊಳ್ಳಹೊರಟವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ: ಈ ವಸ್ತುವಿನಲ್ಲಿ ದಂಡವಾವುದು, ದಂಡದ ಬಣ್ಣವಾವುದು?

ಚರ್ಮದ ಬಿಲ್ಲೆಯು ಚೆಂಡನ್ನು ಮುಟ್ಟಿಕೊಂಡಿರುವ ಕಾಲವು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು. ಆ ಕ್ಷಣಾಂಶದಲ್ಲಿ ಏನಾಗಬೇಕೋ ಅದು ಆಗಿ ಮುಗಿಯುವುದು. ಆಮೇಲೆ ಕೋಲನ್ನು ಎಷ್ಟು ತಿರುಚಿದರೂ ಚೆಂಡು ಕೇಳಿಸಿಕೊಳ್ಳದು. ಚೆಂಡಿನ ನಟ್ಟನಡುವೆ ಹೊಡೆದರೆ ಅದು ನೇರವಾಗಿ ಹೋಗುವುದು. ಆದರೆ ಪಳಗಿದ ಆಟಗಾರನು ಚೆಂಡಿಗೆ ಬುಗುರಿಯಂತೆ ಸುತ್ತು ಕೊಡುವುದಕ್ಕಾಗಿ ಅದರ ಪಕ್ಕಕ್ಕೆ ಹೊಡೆಯುವನು. ಆಗ ಒಂದು ವಿಚಿತ್ರ ಸಂಭವಿಸುವುದು. ಬಲಪಕ್ಕಕ್ಕೆ ಹೊಡೆದರೆ ಚೆಂಡು ಕೋಲು ತೋರಿದ ದಿಕ್ಕನ್ನು ಬಿಟ್ಟು ತುಸು ಎಡಕ್ಕೆ ಸರಿಯುವುದು. ಎಡಕ್ಕೆ ಹೊಡೆದರೆ ಬಲಕ್ಕೆ. ಎಷ್ಟು ಸರಿಯುವುದೆಂಬುದು ಮುಂಗೋಲಿನ ತುದಿಯ ಕೆಲವೇ ಅಂಗುಲಗಳ ಭಾರವನ್ನು ಅವಲಂಬಿಸಿರುವುದು. ತುದಿ ಹಗುರವಾದಷ್ಟೂ ಸರಿತ ಕಡಿಮೆ. ಹಿಂಗೋಲು ಯಾವ ಮರದ್ದು, ಅದರಲ್ಲಿ ಮುತ್ತಿನ ಚಿಪ್ಪು ಕೆತ್ತಿದೆಯೇ, ಬೆಳ್ಳಿಯ ತಂತಿ ಹೊಡೆದಿದೆಯೇ ಎಂಬುದನ್ನು ಚೆಂಡು ವಿಚಾರಿಸುವುದಿಲ್ಲ.

ಈ ತುದಿಯನ್ನು ಹಗುರಮಾಡುವ ವಿದ್ಯೆಯು ಬಹುಮಟ್ಟಿಗೆ ಕಾರ್ಖಾನೆಯಿಂದಲೇ ಬಂದುದೆಂಬುದನ್ನು ಗಮನಿಸತಕ್ಕದ್ದು. 1990ರ ದಶಕದಲ್ಲಿ ಪ್ರೆಡೇಟರ್ ಎಂಬ ಸಂಸ್ಥೆಯವರು ಹೊಡೆಯುವ ಯಂತ್ರವೊಂದನ್ನೇ ಕಟ್ಟಿ ಅದಕ್ಕೆ ‘ಕಬ್ಬಿಣದ ವಿಲ್ಲಿ’ ಎಂದು ಹೆಸರಿಟ್ಟು, ಅದರ ಕೈಯಿಂದ ಪದೇ ಪದೇ ಒಂದೇ ಹೊಡೆತವನ್ನು ಹೊಡೆಯಿಸಿ ಸರಿತವನ್ನು ಅಳೆದರು. ಮುಂಗೋಲನ್ನು ಒಂದೇ ಮರದ ತುಂಡಿನಿಂದ ಮಾಡುವ ಬದಲು ಬೆಣೆಯಾಕಾರದ ಹಲವು ಸೀಳುಗಳನ್ನು ಅಂಟಿಸಿ, ತುದಿಯ ಒಳಗನ್ನು ಟೊಳ್ಳು ಮಾಡಿದರು. 2016ರ ಹೊತ್ತಿಗೆ ಅದೇ ಸಂಸ್ಥೆ ಮರವನ್ನೇ ಬಿಟ್ಟು ಇಂಗಾಲದ ನಾರಿನ ಮುಂಗೋಲನ್ನು ಹೊರತಂದಿತು. ಅಂಥ ಮುಂಗೋಲೊಂದಕ್ಕೇ ಇಂದು ಸುಮಾರು 500 ಡಾಲರು ಬೀಳುವುದು. ಸಾವಿರಾರು ಡಾಲರು ಕೊಟ್ಟು ಕೋಲನ್ನು ಹೇಳಿ ಮಾಡಿಸಿಕೊಂಡವರೂ ಅದರ ಹಿಂಗೋಲಿಗೆ ಈ ಕಾರ್ಖಾನೆಯ ಮುಂಗೋಲನ್ನು ತೊಡಿಸಿ ಆಡುತ್ತಿದ್ದುದನ್ನು ನಾವೇ ಕಂಡೆವು. ಶಿಲ್ಪಿಯು ಪ್ರೀತಿಯಿಂದ ಕಡೆದ ಮುಂಗೋಲು ಚೀಲದಲ್ಲಿ ಮಲಗಿತ್ತು.

ಹಾಗಾದರೆ ಹೇಳಿ ಮಾಡಿಸುವ ಕೋಲಿನ ಹಣವು ಎಲ್ಲಿ ಹೋಗುವುದು? ಬಹುಪಾಲು ದಂಡದ ಬಣ್ಣಕ್ಕೆ. ಹಿಂಗೋಲಿನಲ್ಲಿ ಈಟಿಯ ಮೊನೆಯಂತೆ ಮೇಲೇರುವ ನಾಲ್ಕು ಅಥವಾ ಆರು ಮೊನೆಗಳು. ಅವುಗಳ ಅಂಚಿಗೆ ಎಳೆಯಷ್ಟು ತೆಳುವಾದ ಬಣ್ಣದ ಮರದ ಪದರಗಳು. ನಡುನಡುವೆ ವಜ್ರಾಕೃತಿ, ನಕ್ಷತ್ರಾಕೃತಿ. ಮೈಸೂರಿನ ಬೀಟೆಯ ಮರದ ಕೂಡುಗೆಲಸವನ್ನು ಕಂಡವರಿಗೆ ಇದರ ಸೊಗಸನ್ನು ಬಣ್ಣಿಸಬೇಕಾಗಿಲ್ಲ. ಕೆಲಸ ಅದೇ ಜಾತಿಯದು, ಚಪ್ಪಟೆಯ ಹಲಗೆಗೆ ಬದಲಾಗಿ ದುಂಡನೆಯ ಕೋಲಿನ ಮೇಲೆ. ಬೀಟೆಯನ್ನೂ ಅವರು ಬಲ್ಲರು. ನಮ್ಮ ಘಟ್ಟಗಳಲ್ಲಿ ಬೆಳೆಯುವ ಆ ಜಾತಿಯ ಮರಕ್ಕೆ ಕೋಲು ಮಾಡುವವರಲ್ಲಿ ಒಳ್ಳೆಯ ಹೆಸರು. ಒಂದು ಮೊನೆ ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಗಿಡ್ಡವಾದರೂ ಕಣ್ಣು ಹಿಡಿಯುವುದು; ಆದುದರಿಂದ ಕೂಲಿ ಹೆಚ್ಚು. ಕೂಲಿಯನ್ನು ನಾವು ಆಕ್ಷೇಪಿಸುವುದಿಲ್ಲ. ಅದು ಆಟದ ಕೂಲಿಯಲ್ಲವೆಂಬುದನ್ನು ಮಾತ್ರ ಹುಡುಗನು ತಿಳಿದಿರಬೇಕು.

ಈ ವಿದ್ಯೆಯಲ್ಲಿ ಎಲ್ಲರೂ ಕೈಮುಗಿದು ಹೇಳುವ ಹೆಸರು ಜಾರ್ಜ್ ಬಾಲಬುಷ್ಕಾ ಎಂಬವರದು. 1912ರಲ್ಲಿ ರಷ್ಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಬಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮರಗೆಲಸದಿಂದ ಜೀವಿಸುತ್ತಿದ್ದ ಇವರು 1959ರಲ್ಲಿ ಕೋಲುಗಳನ್ನು ಮಾಡತೊಡಗಿ, 1975ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಸಾವಿರ, ಸಾವಿರದಿನ್ನೂರು ಕೋಲುಗಳನ್ನು ಮಾಡಿದರು. ಇಂದು ಅವು ಸಂಗ್ರಾಹಕರ ನಿಧಿಗಳು. ಆದರೆ ನಮ್ಮ ಪ್ರಶ್ನೆಗೆ ಉಪಯುಕ್ತವಾದ ಸಂಗತಿ ಬೇರೆ. ಮೊದಮೊದಲು ಬಾಲಬುಷ್ಕಾ ಅವರು ತಮ್ಮ ಹಿಂಗೋಲಿಗೆ ಬಳಸುತ್ತಿದ್ದುದು ಬ್ರನ್ಸ್‌ವಿಕ್ ಕಾರ್ಖಾನೆಯ ಟೈಟ್‌ಲಿಸ್ಟ್ ಎಂಬ ಸಾಮಾನ್ಯ ಕೋಲನ್ನು! ಆಟದ ಮಂದಿರಗಳಲ್ಲಿ ಯಾರು ಬೇಕಾದರೂ ಎತ್ತಿಕೊಂಡು ಆಡಲೆಂದು ಗೋಡೆಗೆ ಒರಗಿಸಿಡುತ್ತಿದ್ದ ಆ ಅಖಂಡ ಕೋಲನ್ನು ತಂದು, ಕತ್ತರಿಸಿ, ಕಡೆದು, ಸಂಧಿ ಕೂಡಿಸಿ, ಮರದ ಒಳಗುಣವನ್ನು ಹೊರಗೆಡಹುತ್ತಿದ್ದರು. ಆಮೇಲೆಯೂ ಮೊನೆ ಕೂಡಿಸಿದ ಮರವನ್ನು ಬರ್ಟನ್ ಸ್ಪೇನ್, ಗಸ್ ಜಾಂಬೋಟಿ ಮೊದಲಾದ ಇತರ ಕುಶಲಿಗಳಿಂದ ಕೊಳ್ಳುತ್ತಿದ್ದರು. ಕಾರ್ಖಾನೆಯೆಂದರೆ ಒಂದು ಜಾತಿ, ಕೈಗೆಲಸವೆಂದರೆ ಮತ್ತೊಂದು ಜಾತಿಯೆಂದು ಹುಡುಗರು ಜಗಳವಾಡುವಾಗ ಈ ಕಥೆಯನ್ನು ಹೇಳಬೇಕು.

ಇದರ ಇನ್ನೊಂದು ಮುಖವೂ ಉಂಟು. 1986ರಲ್ಲಿ ಬಂದ ‘ದಿ ಕಲರ್ ಆಫ್ ಮನಿ’ ಎಂಬ ಚಲಚ್ಚಿತ್ರದಲ್ಲಿ ಹಿರಿಯ ಆಟಗಾರನು ಕಿರಿಯನಿಗೆ ಬಾಲಬುಷ್ಕಾ ಕೋಲೊಂದನ್ನು ಕೊಡುವ ಪ್ರಸಂಗವಿದೆ. ಅದನ್ನು ಕಂಡ ಮೇಲೆ ಆ ಹೆಸರು ಆಟದ ಗಂಧವಿಲ್ಲದವರ ಬಾಯಲ್ಲೂ ಹರಿದಾಡಿತು. ಆದರೆ ತೆರೆಯ ಮೇಲೆ ಮೆರೆದ ಆ ಕೋಲು ಬಾಲಬುಷ್ಕಾ ಅವರದಲ್ಲ. ಅವರ ಕೋಲಿನ ಮಾದರಿಯಲ್ಲಿ ಜಾಸ್ ಎಂಬ ಸಂಸ್ಥೆಯವರು ಮಾಡಿಕೊಟ್ಟುದು. ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ.

ಇಷ್ಟನ್ನು ಓದಿ ತಂದೆಯವರು ಗೆದ್ದೆನೆಂದು ಭಾವಿಸಬಾರದು. ಅವರ ಪಕ್ಷದಲ್ಲಿಯೂ ದೋಷವಿದೆ. ಅದನ್ನು ತಿಳಿಯಬೇಕಾದರೆ ಆ ವೃದ್ಧರ ಕಾರ್ಯಶಾಲೆಗೆ ಹೋಗಬೇಕು.

ಮನೆಯ ಹಿಂದಿನ ಸಣ್ಣ ಕೊಟ್ಟಿಗೆಯದು. ಒಳಗೆ ಕಾಲಿಟ್ಟೊಡನೆ ತಲೆಯೆತ್ತಿ ನೋಡಿದರೆ ಸೂರಿನಿಂದ ನೂರಾರು ಮುಂಗೋಲುಗಳು ದಾರದಲ್ಲಿ ಇಳಿಬಿದ್ದಿದ್ದುವು, ಮಲೆನಾಡಿನ ಅಡುಗೆಮನೆಯ ಅಟ್ಟದಲ್ಲಿ ಬಾಳೆಗೊನೆ ಕಟ್ಟಿದಂತೆ. ಒಂದೊಂದರ ಬುಡದಲ್ಲೂ ಸೀಸದ ಕಡ್ಡಿಯಿಂದ ದಿನಾಂಕಗಳನ್ನು ಬರೆದಿತ್ತು. ಕೆಲವಕ್ಕೆ ಐದಾರು ದಿನಾಂಕಗಳು, ಮೊದಲನೆಯದಕ್ಕೂ ಕೊನೆಯದಕ್ಕೂ ನಾಲ್ಕು ವರ್ಷಗಳ ಅಂತರ. ಮರವನ್ನು ಒಂದೇ ಸಲಕ್ಕೆ ಬೇಕಾದ ಗಾತ್ರಕ್ಕೆ ಕಡೆದುಬಿಟ್ಟರೆ ಅದರ ಒಳಗೆ ಅಡಗಿದ್ದ ಬಿಗಿತವು ಬಿಡುಗಡೆಯಾಗಿ ಕೋಲು ಬಾಗುವುದು. ಆದುದರಿಂದ ಚಕ್ಕೆಯಷ್ಟು ಕಡೆದು ತೂಗುಹಾಕುವರು. ತಿಂಗಳುಗಳ ಮೇಲೆ ಇಳಿಸಿ, ನೆಟ್ಟಗಿದ್ದರೆ ಮತ್ತೆ ಚಕ್ಕೆಯಷ್ಟು ಕಡೆಯುವರು. ಬಾಗಿದುದನ್ನು ಎಸೆಯುವರು. ನಾವು ನೋಡುತ್ತಿದ್ದಂತೆಯೇ ಮೂರು ವರ್ಷ ಕಾಪಾಡಿದ ಒಂದನ್ನು ಮೇಜಿನ ಮೇಲೆ ಉರುಳಿಸಿ ನೋಡಿ, ಅದು ಲೇಶಮಾತ್ರ ತಡವರಿಸಿದುದನ್ನು ಕಂಡು, ಒಂದು ಮಾತೂ ಆಡದೆ ಸೌದೆಯ ಬುಟ್ಟಿಗೆ ಹಾಕಿದರು. ದೊಡ್ಡ ಕಾರ್ಖಾನೆಗಳಲ್ಲಿಯೂ ಮರವನ್ನು ಒಣಗಿಸಿ ಹದಮಾಡುವರು. ಆದರೆ ದಿನಕ್ಕೆ ಇಷ್ಟೆಂದು ಲೆಕ್ಕ ಒಪ್ಪಿಸಬೇಕಾದ ಕಡೆ ಈ ತಾಳ್ಮೆಗೆ ಎಡೆಯೆಲ್ಲಿ? ಕೋಲೆಂದರೆ ಕೋಲು ಎಂಬ ಮಾತು ಆ ಬುಟ್ಟಿಯ ಮುಂದೆ ನಿಲ್ಲದು.

ಇನ್ನು ಸಂಧಿಯ ವಿಷಯ. ನಾವು ವ್ಯಾಕರಣದವರಾದುದರಿಂದ ಇದರಲ್ಲಿ ಹೆಚ್ಚು ಹೊತ್ತು ಕಳೆದೆವು. ಕೆಲವರು ಎರಡು ತುಂಡುಗಳ ನಡುವೆ ಉಕ್ಕಿನ ಕಂಠವನ್ನು ಇಡುವರು. ನಮ್ಮ ಭಾಷೆಯಲ್ಲಿ ಆಗಮಸಂಧಿ. ಕೆಲವರು ಮರಕ್ಕೆ ಮರವೇ ತಾಗುವಂತೆ ಕೂಡಿಸುವರು. ಹೊಡೆದಾಗ ಕೈಗೆ ಬರುವ ಅನುಭವವು ಇವೆರಡರಲ್ಲಿ ಬೇರೆಯೆಂದು ಆಟಗಾರರು ಪ್ರಮಾಣ ಮಾಡುವರು. ಚೆಂಡಿಗೆ ಅದು ತಿಳಿಯದಿದ್ದರೂ ಕೈಗೆ ತಿಳಿಯುವುದು ಸುಳ್ಳಲ್ಲ. ಕೈಗೆ ಒಪ್ಪಿದ ಕೋಲಿನಲ್ಲಿ ಕೈ ನಡುಗದು. ಕೈ ನಡುಗದಿದ್ದರೆ ಚೆಂಡು ಸರಿಯಾಗಿ ಹೋಗುವುದು. ಆದುದರಿಂದ ನೈಯಾಯಿಕನ ವಿಭಾಗವನ್ನು ಕೊಂಚ ಸಡಿಲಿಸಿಯೇ ಪ್ರಯೋಗಿಸಬೇಕಾಗುವುದು: ಹಿಡಿಯ ಗಾತ್ರ, ಕೋಲಿನ ತೂಕ, ತೂಕದ ನಡುಬಿಂದು, ಸಂಧಿಯ ಸದ್ದು ಇವು ಬಣ್ಣದ ಪಟ್ಟಿಗೆ ಸೇರವು. ಕೈಗೆಲಸದವನು ಇವನ್ನು ಗಿರಾಕಿಯ ದೇಹಕ್ಕೆ ತಕ್ಕಂತೆ ಹೊಂದಿಸಬಲ್ಲನು. ಆರೂವರೆ ಅಡಿ ಎತ್ತರದವನಿಗೆ, ನೀಳವಾದ ತೋಳಿನವನಿಗೆ, ಗಾಯಗೊಂಡ ಕೈಯವನಿಗೆ ಅಂಗಡಿಯ ಕೋಲು ಗಿಡ್ಡವಾಗಬಹುದು, ಒಗ್ಗದಿರಬಹುದು. ಅಂಥವನು ಹೇಳಿ ಮಾಡಿಸಿಕೊಳ್ಳುವುದರಲ್ಲಿ ಆಡಂಬರವಿಲ್ಲ.

ಆದರೆ ‘ಹೇಳಿ ಮಾಡಿಸು’ ಎಂಬ ನಮ್ಮ ನುಡಿಗಟ್ಟಿನಲ್ಲಿ ಎರಡು ಕ್ರಿಯೆಗಳಿರುವುದನ್ನು ಗಮನಿಸಬೇಕು. ಮಾಡಿಸುವುದಕ್ಕೆ ಹಣವಿದ್ದರೆ ಸಾಕು. ಹೇಳುವುದಕ್ಕೆ? ಆ ವೃದ್ಧರು ಹೊಸ ಗಿರಾಕಿಗೆ ಕೇಳುವ ಪ್ರಶ್ನೆಗಳ ಹಾಳೆಯನ್ನು ನಮಗೆ ತೋರಿಸಿದರು. ತೂಕ ಹತ್ತೊಂಬತ್ತು ಔನ್ಸೋ, ಹತ್ತೊಂಬತ್ತೂವರೆಯೋ? ತುದಿ 12.5 ಮಿಲಿಮೀಟರೋ, 12.75 ಮಿಲಿಮೀಟರೋ? ನಡುಬಿಂದು ಹಿಂತುದಿಯಿಂದ ಎಷ್ಟು ಅಂಗುಲದಲ್ಲಿ ಇರಬೇಕು? ಮುಂಗೋಲು ತುದಿಯಿಂದ ಎಷ್ಟು ದೂರ ಒಂದೇ ಗಾತ್ರವಾಗಿದ್ದು ಆಮೇಲೆ ದಪ್ಪವಾಗಬೇಕು? ಸಂಧಿ ಯಾವುದು? ಬಿಲ್ಲೆ ಮೆದುವೋ, ಗಡುಸೋ? ಹತ್ತು ವರ್ಷ ಆಡಿದವನು ಇವಕ್ಕೆಲ್ಲ ಕಣ್ಣು ಮುಚ್ಚಿಕೊಂಡು ಉತ್ತರ ಬರೆಯುವನು. ಎಳೆಯರು ಬಂದರೆ ಮೊದಲ ಆರು ಪ್ರಶ್ನೆಗಳನ್ನು ಖಾಲಿ ಬಿಟ್ಟು, ಕೊನೆಯದಾದ ‘ಅಲಂಕಾರ’ ಎಂಬುದರ ಕೆಳಗೆ ಪುಟ ತುಂಬ ಬರೆಯುವರೆಂದು ಅವರು ನಕ್ಕರು. ಅಂಥವರಿಗೆ ಅವರು ಮಾಡಿಕೊಡುವುದು ತಮ್ಮ ಮನಸ್ಸಿಗೆ ಸರಿಕಂಡ ಸಾಧಾರಣ ಅಳತೆಗಳ ಕೋಲನ್ನು. ಅದೇ ಅಳತೆಗಳು ಕಾರ್ಖಾನೆಯ ಕೋಲಿನಲ್ಲಿಯೂ ಇರುವುವು. ನಮ್ಮ ಸೋದರಿಯ ಮಗನು ಆಡತೊಡಗಿ ಎರಡು ವರ್ಷವಾಯಿತೆಂದು ಪತ್ರದಲ್ಲಿದೆ. ಆ ಹಾಳೆಯನ್ನು ಅವನ ಮುಂದಿಟ್ಟರೆ ಅವನು ಏನು ಬರೆಯುವನೆಂಬುದನ್ನು ಅವನೇ ಪರೀಕ್ಷಿಸಿಕೊಳ್ಳಲಿ.

ಕಾರ್ಖಾನೆಯ ಕೋಲಿನ ದೊಡ್ಡ ಗುಣ ಇಲ್ಲಿ ಗೋಚರವಾಗುವುದು. ಅಂಗಡಿಯಲ್ಲಿ ಹತ್ತು ಕೋಲುಗಳನ್ನು ಕೈಯಲ್ಲಿ ಹಿಡಿದು, ಹೊಡೆದು ನೋಡಿ, ಹನ್ನೊಂದನೆಯದನ್ನು ಕೊಳ್ಳಬಹುದು. ಅನೇಕ ಕೋಲುಗಳ ಹಿಂತುದಿಯೊಳಗೆ ತೂಕದ ತಿರುಪೊಂದಿರುವುದು. ಅದನ್ನು ಬದಲಿಸಿ ಅರ್ಧ ಔನ್ಸು ಹೆಚ್ಚಿಸಬಹುದು, ತಗ್ಗಿಸಬಹುದು. ಮುಂಗೋಲು ಸವೆದರೆ, ಮುರಿದರೆ, ಅದೇ ತಿರುಪಿನ ಮತ್ತೊಂದು ಅಂಗಡಿಯಲ್ಲಿ ಸಿಕ್ಕುವುದು. ವಿಸ್ಕಾನ್ಸಿನ್ ಪ್ರಾಂತದ ಮ್ಯಾಕ್‌ಡರ್ಮಟ್ ಮುಂತಾದವರ ಕೋಲುಗಳು ಈ ಜಾತಿಯವು. ಹೇಳಿ ಮಾಡಿಸಿದ ಕೋಲನ್ನು ಹೊಡೆದು ನೋಡುವ ಅವಕಾಶ ಬರುವುದು ಹಣವನ್ನೆಲ್ಲ ಸಲ್ಲಿಸಿದ ಮೇಲೆ. ಕಾಯುವ ಕಾಲವೋ, ತಿಂಗಳುಗಳಿಂದ ಹಿಡಿದು ವರ್ಷಗಳವರೆಗೆ. ಹೆಸರುವಾಸಿಯಾದ ಕೆಲವರಲ್ಲಿ ಹಲವು ವರ್ಷ. ಶಿಲ್ಪಿಯೂ ಮನುಷ್ಯನೇ, ಅವನು ತೀರಿಕೊಂಡರೆ ಆ ಕೋಲಿಗೆ ಜೋಡಿ ಮುಂಗೋಲು ಮಾಡುವವರನ್ನು ಹುಡುಕಿಕೊಂಡು ಹೋಗಬೇಕು. ಮಾರಿದರೆ ಲಾಭವಾಗುವುದೆಂದು ಹುಡುಗನು ತಾಯಿಗೆ ಹೇಳಿರುವನಂತೆ. ಲೋಕಪ್ರಸಿದ್ಧರಾದ ಬೆರಳೆಣಿಕೆಯವರ ಕೋಲುಗಳ ಮಟ್ಟಿಗೆ ಅದು ನಿಜ. ಮಿಕ್ಕವರ ಕೋಲು, ಅದರಲ್ಲಿಯೂ ಒಡೆಯನ ಹೆಸರನ್ನು ಕೆತ್ತಿಸಿಕೊಂಡ ಕೋಲು, ಕೊಂಡ ಬೆಲೆಗೆ ಹೋಗುವುದು ಅಪರೂಪ. ಇನ್ನೊಬ್ಬನ ಹೆಸರಿನ ಪಾತ್ರೆಯನ್ನು ಸಂತೋಷದಿಂದ ಕೊಳ್ಳುವವರು ನಮ್ಮಲ್ಲಿಯೂ ಇಲ್ಲವಷ್ಟೆ.

ಆಟದ ಮಂದಿರದ ಗೋಡೆಗೆ ಒರಗಿಸಿದ ಬಿಟ್ಟಿ ಕೋಲು ಸಾಲದೆ ಎಂದು ತಂದೆಯವರು ಕೇಳಿದ್ದಾರೆ. ಸಾಲದು. ಅವುಗಳ ಬಿಲ್ಲೆ ಚಪ್ಪಟೆಯಾಗಿರುವುದು, ಮೈ ಬಾಗಿರುವುದು, ತೂಕ ಒಂದೊಂದರದು ಒಂದೊಂದು. ದಿನಕ್ಕೊಂದು ಲೇಖನಿಯಿಂದ ಬರೆಯುವ ಹುಡುಗನಿಗೆ ಅಕ್ಷರ ತಿದ್ದುವುದು ಹೇಗೆ? ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಮಗನ ಮುಂದೆ ಹೇಳಬೇಕಾದರೆ ಮೊದಲು ನೆಲ ನೆಟ್ಟಗಿರಬೇಕು. ಒಂದೇ ಕೋಲು ಅವನದಾದರೆ ತಪ್ಪು ತನ್ನದೋ ಕೋಲಿನದೋ ಎಂಬುದು ಅವನಿಗೇ ತಿಳಿದುಹೋಗುವುದು.

ನಮ್ಮ ತೀರ್ಮಾನವಿದು. 400ರಿಂದ 500 ಡಾಲರಿನೊಳಗೆ, ಹೆಸರಾಂತ ಕಾರ್ಖಾನೆಯ, ಅಲಂಕಾರವಿಲ್ಲದ, ಹಗುರತುದಿಯ ಮುಂಗೋಲುಳ್ಳ ಒಂದು ಕೋಲನ್ನು ಹುಡುಗನು ಕೊಳ್ಳಲಿ. ಕೊಳ್ಳುವಾಗ ಎರಡು ತುಂಡುಗಳನ್ನೂ ಬೇರೆಬೇರೆಯಾಗಿ, ಆಮೇಲೆ ಕೂಡಿಸಿ ಮೇಜಿನ ಮೇಲೆ ಉರುಳಿಸಿ ನೋಡಲಿ. ಅದರಿಂದ ಮೂರು ವರ್ಷ ಆಡಲಿ. ಬಿಲ್ಲೆಯನ್ನು ಬದಲಿಸುತ್ತ, ತೂಕವನ್ನು ಬದಲಿಸುತ್ತ, ತನ್ನ ಕೈಗೆ ಯಾವುದು ಒಪ್ಪಿತು ಯಾವುದು ಒಪ್ಪಲಿಲ್ಲವೆಂಬುದನ್ನು ಪುಸ್ತಕದಲ್ಲಿ ಬರೆದಿಡಲಿ. ಉಳಿದ ಹಣ ಬ್ಯಾಂಕಿನಲ್ಲಿರಲಿ, ಅವನ ಹೆಸರಿನಲ್ಲಿಯೇ. ಆ ಪುಸ್ತಕ ತುಂಬಿದ ಮೇಲೂ ಅವನಿಗೆ ಹೇಳಿ ಮಾಡಿಸುವ ಇಚ್ಛೆಯಿದ್ದರೆ ತಡೆಯುವುದಕ್ಕೆ ನಮಗೆ ಕಾರಣ ತೋರುವುದಿಲ್ಲ. ಇಲ್ಲಿ ದಂಡಾಪೂಪ ನ್ಯಾಯವನ್ನು ಒಂದಿಷ್ಟು ನೆನೆಯುವುದು ಒಳ್ಳೆಯದು. ಇಲಿಯು ಕೋಲನ್ನೇ ತಿಂದಿತೆಂದ ಮೇಲೆ ಕೋಲಿಗೆ ಕಟ್ಟಿದ್ದ ಕಜ್ಜಾಯಗಳ ಗತಿಯನ್ನು ಬೇರೆ ಕೇಳಬೇಕೆ? ಕೋಲಿಗೆ ಹಣ ಹೋದ ಬೆನ್ನಿಗೆ ಚರ್ಮದ ಪೆಟ್ಟಿಗೆ, ಕೈಗವಸು, ಬಗೆಬಗೆಯ ಚಾಕ್, ಸಂಧಿಯ ಮುಚ್ಚಳ ಇವಕ್ಕೂ ಹೋಗುವುದು. ಇವುಗಳಲ್ಲಿ ಗಟ್ಟಿಯಾದ ಪೆಟ್ಟಿಗೆಯೊಂದೇ ಅವಶ್ಯ.

ತಂದೆಯವರಿಗೆ ಒಂದು ಮಾತು. ಉಗ್ರಾಣದಲ್ಲಿ ಪೆಟ್ಟಿಗೆ ಹೊತ್ತವನು ಹುಡುಗ. ಎರಡು ಬೇಸಗೆ ದುಡಿದು, ಆ ಹಣವನ್ನು ಮುಟ್ಟದೆ, ಕೊಳ್ಳುವ ಮುಂಚೆ ಮನೆಯಲ್ಲಿ ಕೇಳಿದ ಮಗನನ್ನು ಪೋಲಿಯೆಂದು ಕರೆಯುವುದು ನಮಗೆ ಸರಿಕಾಣಲಿಲ್ಲ. ಆಟವನ್ನೇ ಬಿಡೆಂಬುದು ಬೇರೆ ವ್ಯಾಜ್ಯ; ಕೋಲಿನ ಬೆಲೆಯನ್ನು ವಿಚಾರಿಸುವಾಗ ಅದನ್ನು ನಡುವೆ ತಂದುದರಿಂದಲೇ ಉಪ್ಪಿಗೆ ಮಧ್ಯಸ್ಥರು ಬೇಕಾದುದು. ಅಂಗಡಿಗೆ ಕೋಲು ಆರಿಸಲು ಹೋಗುವ ದಿನ ತಂದೆಯವರೂ ಜೊತೆಗೆ ಹೋಗಲಿ. ಮೇಜಿನ ಮೇಲೆ ಉರುಳಿಸಿ ಡೊಂಕು ನೋಡುವುದಕ್ಕೆ ಆಟ ಬರಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಎರಡು ಜೊತೆ ಕಣ್ಣುಗಳಿದ್ದರೆ ಮತ್ತೂ ಮೇಲು.

ಪತ್ರದ ಕೊನೆಯಲ್ಲಿ ಸೋದರಿಯವರು ಮತ್ತೊಂದು ಸಂಗತಿಯನ್ನು ಕೇಳಿರುವರು. ಡಿಸೆಂಬರಿನಲ್ಲಿ ಕುಟುಂಬದವರೆಲ್ಲ ಬೆಂಗಳೂರಿಗೆ ಬರುವಾಗ ಕೋಲನ್ನು ವಿಮಾನದಲ್ಲಿ ತರಬಹುದೇ? ತರಬಹುದು, ಆದರೆ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗುವಂತಿಲ್ಲ. ಅಮೆರಿಕೆಯ ವಿಮಾನ ನಿಲ್ದಾಣಗಳಲ್ಲಿ ಆಟದ ಕೋಲನ್ನು ದೊಣ್ಣೆಗಳ ಸಾಲಿಗೆ ಸೇರಿಸಿರುವರು. ಸಾಮಾನಿನ ಕೋಣೆಗೇ ಒಪ್ಪಿಸಬೇಕು. ಸ್ಕಾಟ್‌ಲೆಂಡಿನ ಸ್ಟೀಫನ್ ಹೆಂಡ್ರಿಯವರು ಬಾಲ್ಯದಲ್ಲಿ ಸುಮಾರು 40 ಪೌಂಡಿಗೆ ಕೊಂಡ ಸಾಧಾರಣ ಕೋಲಿನಿಂದಲೇ ಸ್ನೂಕರಿನ ಲೋಕಪ್ರಶಸ್ತಿಯನ್ನು ಏಳು ಸಲ ಗೆದ್ದಿದ್ದರು. ಆ ಕೋಲು 2003ರಲ್ಲಿ ವಿಮಾನದ ಸಾಮಾನಿನಲ್ಲಿ ಮುರಿದುಹೋಯಿತು. ಆದುದರಿಂದ ಎರಡು ತುಂಡುಗಳನ್ನೂ ಬಿಚ್ಚಿ, ಗಟ್ಟಿಮೈಯ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಬಟ್ಟೆಗಳ ನಡುವೆ ಹುದುಗಿಸಿ ದೊಡ್ಡ ಪೆಟ್ಟಿಗೆಯೊಳಗೆ ಇಡತಕ್ಕದ್ದು. ಹಳೆಯ ಕೋಲೊಂದನ್ನು ಯಾರಾದರೂ ಅಗ್ಗಕ್ಕೆ ಕೊಡಬಂದರೆ ಅದರ ಬಳೆಯೂ ಕೆತ್ತನೆಯೂ ಆನೆಯ ದಂತದವೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ದಂತವಿದ್ದರೆ ಅದನ್ನು ಗಡಿ ದಾಟಿಸುವುದು ಎರಡು ದೇಶಗಳಲ್ಲಿಯೂ ಅಪರಾಧವಾಗುವುದು.